ಉಸಿರಿಗೊಂದು ಹೆಸರು

ಎದೆಗೆ ದಿಂಬು ಅವುಚಿಕೊಂಡು ಓಂಕಾರಪ್ಪ ಉಸಿರಿನ ವ್ಯಾಯಾಮ ಬೇಡವೆಂದು ತಲೆಯಾಡಿಸಿದ. ಹೃದಯದ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಜೋರಾಗಿ ಉಸಿರೆಳೆದರೆ ಹೊಲಿಗೆ ಬಿಚ್ಚೀತೆಂಬ ಭಯ. ಎಳೆಯದಿದ್ದರೆ ಕಫ ಕಟ್ಟುತ್ತದೆ ಎಂದು ನರ್ಸ್ ಎಚ್ಚರಿಸಿದ್ದಳು.

“ಎಮ್ಮೆದೊಡ್ಡಿ ಕಾವಲಲ್ಲಿ ದನ ಮೇಯಿಸ್ವಾಗ ಅವನ್ನ ಕೂಗ್ತಿದ್ಯಲ್ಲ, ಹಂಗೆ ಕೂಗಪ್ಪ,” ಎಂದಳು ಮಗಳು ಹಂಸಾ. “ಉಸಿರಿಗೊಂದು ಹೆಸರು.”

“ಬಂದ್ರೆ ವಾರ್ಡಲ್ಲಿ ಎಲ್ಲೇ ಕಟ್ತೀಯಾ?” ಎಂದು ಗೊಣಗಿ, ಅವನು ಉಸಿರೆಳೆದು ಕೂಗಿದ. “ಗಂಗೇ... ಕೆಂದೀ... ಕರಿಯವ್ವಾ...” ಹುಬ್ಬಿನ ಗಂಟು ಸಡಿಲಾಯಿತು. ಹಂಸಾ ಮಾತ್ರ ಅವನ ತೋಳು ಹಿಡಿದಳು. ಎಲ್ಲವೂ ಸತ್ತುಹೋದ ದನಗಳು. ಅವನ ಕಣ್ಣು ಒಂದೊಂದನ್ನೂ ಬಾಗಿಲಿಂದ ಒಳಗೆ ಬಿಟ್ಟುಕೊಳ್ಳುತ್ತಿತ್ತು.

“ಬದುಕಿರೋರನ್ನ ಕೂಗಪ್ಪ.”

ಅವನು ಮತ್ತೆ ಉಸಿರೆಳೆದ. “ಹಂಸಾ...” ಪಕ್ಕದಲ್ಲೇ ಕೂತವಳನ್ನು, ತಾನು ಆ ದನಗಳ ಜೊತೆ ಕಾವಲಿನ ಆಚೆ ತುದಿಯಲ್ಲಿ ನಿಂತು ಕರೆದಂತೆ ಕರೆದ.