ಎದುರು ತಂಡದ ಅತಿಥಿ

ಹೆಪ್ಪುಗಟ್ಟಿದ ಕೆರೆಯ ಮೇಲೆ ಐಸ್ ಹಾಕಿ ಪಂದ್ಯ ಆಡಲು ಆ ಬೆಟ್ಟದೂರಿಗೆ ಮೊದಲ ಸಲ ಹೊರದೇಶದ ಹುಡುಗರು ಬಂದಿದ್ದರು. ಊರಲ್ಲಿ ಲಾಡ್ಜು ಇಲ್ಲದ್ದರಿಂದ ಮನೆಗೊಬ್ಬರಂತೆ ಅವರನ್ನು ಹಂಚಿಕೊಂಡರು. ಊರಿನ ತಂಡದಲ್ಲಿ ಆಡುತ್ತಿದ್ದ ನುರ್ಬುವಿನ ಮನೆಗೆ ಬಂದವನು ಎದುರು ತಂಡದ ಗೋಲ್‌ಕೀಪರ್.

ಬಂದ ಗಳಿಗೆಯಿಂದ ಅಮ್ಮನಿಗೆ ಅವನದೇ ಧ್ಯಾನ. ಒಲೆಯ ಪಕ್ಕದ ಬೆಚ್ಚನೆಯ ಹಾಸಿಗೆ ಅವನಿಗಾಯಿತು. ಪಂದ್ಯದ ಬೆಳಿಗ್ಗೆಯೂ ರೊಟ್ಟಿಯ ಮೇಲೆ ಬೆಣ್ಣೆ, ಅದರ ಮೇಲೆ ಇನ್ನೊಂದು ರೊಟ್ಟಿ.

"ತಿನ್ನು ಕಂದಾ, ಎಷ್ಟು ಸೊರಗಿದ್ದೀಯ!"

ನುರ್ಬುವಿನ ಮುಂದೆ ಬರೀ ಬಾರ್ಲಿ ಗಂಜಿ. ಅವನ ಹೊಟ್ಟೆ ಉರಿದುಹೋಯಿತು.

"ನೀನು ಹೆತ್ತಿದ್ದು ನನ್ನನ್ನೋ, ಅವನನ್ನೋ?"

"ಸುಮ್ನೆ ಕುಡಿಯೋ. ಮನೆಗೆ ಬಂದೋರ ಮುಂದೆ ಇದೆಂಥಾ ಮಾತು?"

ಆ ಉರಿಯಲ್ಲೇ ನುರ್ಬು ಆಡಿದ. ಅತಿಥಿ ಗೋಲಿನ ಮುಂದೆ ತೇಗುತ್ತ ನಿಂತಿದ್ದ. ಅವನು ಬಗ್ಗುವಷ್ಟರಲ್ಲಿ ಆಟದ ಬಿಲ್ಲೆ, ಪಕ್, ಒಳಗೆ ಹೋಗಿರುತ್ತಿತ್ತು. ಊರಿನ ತಂಡವೇ ಗೆದ್ದಿತು.

ಸಂಜೆ ನುರ್ಬು ಗೆದ್ದ ಕಪ್ಪನ್ನು ಅಮ್ಮನ ಮುಂದೆ ಕುಕ್ಕಿದ.

"ನಿನ್ನ ಮುದ್ದಿನ ಮಗನ್ನ ಸೋಲಿಸಿ ಬಂದೆ. ಕೂತು ಅಳು."

ಅಮ್ಮ ಬಾಗಿಲಾಚೆ ಒಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿದಳು.

"ಮುಂದಿನ ವರ್ಷ ಆಟ ಅವರೂರಲ್ಲಂತೆ. ಅವರಮ್ಮ ಎಷ್ಟು ಮುದ್ದು ಮಾಡಿ ಬಡಿಸಿದ್ರೂ ನೀನು ಹೊಟ್ಟೆ ತುಂಬ ತಿನ್ಬೇಡ."