ತಮ್ಮ ಕಟ್ಟಿದ ಬ್ಯಾಟರಿ

ಅವಳ ಕೈಯ ಇಕ್ಕಳದ ಬಾಯಲ್ಲಿದ್ದ ಬ್ಯಾಟರಿ ಅಂಗಿಯ ಗುಂಡಿಗಿಂತ ಕೊಂಚ ದೊಡ್ಡದು. ಅದನ್ನು ಕಟ್ಟಿದ, ಅವಳ ಜೊತೆಗೇ ಕೆಲಸ ಮಾಡುತ್ತಿದ್ದ ತಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಬ್ಯಾಟರಿ ಮಾತ್ರ ನಿನ್ನೆಯವರೆಗೂ ಪ್ರಯೋಗಾಲಯದಲ್ಲಿ ತುಂಬುತ್ತ, ಬರಿದಾಗುತ್ತ ಬದುಕಿತ್ತು. ಅದರ ಜೊತೆಯವೆಲ್ಲ ಎರಡೇ ತಿಂಗಳಲ್ಲಿ ಒಳಗೊಳಗೇ ಧ್ರುವಗಳು ತಾಗಿ ಸುಟ್ಟುಹೋಗಿದ್ದವು. ಇದನ್ನು ಉಳಿಸಿದ್ದು ಇದೊಂದಕ್ಕೇ ಬಳಿದಿದ್ದ, ತಮ್ಮ ಕಂಡುಹಿಡಿದ ಹೊಸ ಲೇಪವೆಂದು ಎಲ್ಲರೂ ನಂಬಿದ್ದರು. ಲೇಪಕ್ಕೆ ಅವನ ಹೆಸರನ್ನೇ ಇಡುವ ಮಾತಾಗಿತ್ತು. ಬ್ಯಾಟರಿಯನ್ನು ಬಿಚ್ಚಿ ನೋಡುವುದಷ್ಟೇ ಬಾಕಿ.

"ನಾನು ಬಿಚ್ಲಾ ಅಕ್ಕ?" ಎಂದ ತಮ್ಮನ ಗೆಳೆಯ, ಬರೆದುಕೊಳ್ಳಲು ಪುಸ್ತಕ ಹಿಡಿದು.

"ಬೇಡಪ್ಪ. ಅವನ ಸಾಮಾನು ನಾನು ಮುಟ್ಟಿದ್ರೇ ಜಗಳಕ್ಕೆ ಬರ್ತಿದ್ದ. ನಿನ್ನ ಬಿಡ್ತಾನಾ?"

ದೇವರನ್ನು ನೆನೆದು ಅವಳು ಇಕ್ಕಳ ಅದುಮಿದಳು. ಮುಚ್ಚಳ ಕಳಚಿತು. ಎರಡು ಧ್ರುವಗಳು ಒಂದಕ್ಕೊಂದು ತಾಗದಂತೆ ನಡುವೆ ಇಡುವ ತೆಳು ಹಾಳೆಯನ್ನು ಚಿಮುಟದಿಂದ ಎತ್ತಿದಳು. ಅಡಿಯಲ್ಲಿ ಇನ್ನೊಂದು ಹಾಳೆಯಿತ್ತು. ಒಂದೇ ಇರಬೇಕಾದಲ್ಲಿ ಎರಡು ಅಂಟಿಕೊಂಡು ಒಳಗೆ ಸೇರಿದ್ದವು. ಅವಸರದ ಕೈ ಅವನದು. ಚಿಕ್ಕಂದಿನಲ್ಲಿ ಪಾಠದ ಪುಸ್ತಕವನ್ನೂ ಎರಡೆರಡು ಹಾಳೆ ಸೇರಿಸಿಯೇ ಮಗುಚುತ್ತಿದ್ದ. ಬ್ಯಾಟರಿಯನ್ನು ಕಾಪಾಡಿದ್ದು ಲೇಪವಲ್ಲ, ಈ ಕೈತಪ್ಪು.

ಗೆಳೆಯ ಕಿಟಕಿಯ ಕಡೆ ತಿರುಗಿಕೊಂಡ. "ನಾನೇನೂ ನೋಡ್ಲಿಲ್ಲ ಅಕ್ಕ," ಎಂದ ಮೆಲ್ಲಗೆ.

ಲೇಪವನ್ನು ನಂಬಿ ನಾಳೆ ಯಾರದೋ ಮನೆಯೊಳಗೆ ಇಂಥದೇ ಬ್ಯಾಟರಿ ಬರುತ್ತದೆ, ಒಂದೇ ಹಾಳೆಯದು. ಅವಳು ಎರಡೂ ಹಾಳೆಗಳನ್ನು ಬಿಡಿಸಿ, ಬಿಳಿ ತಟ್ಟೆಯಲ್ಲಿ ಪಕ್ಕಪಕ್ಕದಲ್ಲಿ ಹರಡಿದಳು.

"ನಾನು ನೋಡಿದೀನಲ್ಲಪ್ಪ. ಎರಡು ಅಂತ ಬರಿ."