ಸುಂಕಮ್ಮನ ಸಾಕ್ಷಿ

ಮಂಗಳವಾರ ಬೆಳಿಗ್ಗೆ ಸುಂಕಮ್ಮ ಚರ್ಚಿನ ಬಾಗಿಲಲ್ಲೇ ನಿಂತು, “ನನ್ ಸಾಕ್ಷಿ ವಿಡಿಯೊ ತೆಗ್ದಾಕಿ ಅಯ್ಯನೋರೆ” ಎಂದಳು.

ಪಾಸ್ಟರ್ ಚಿರಂಜೀವಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಗಳಿ ರಸ್ತೆಯ ಈ ತಗಡಿನ ಚರ್ಚಿಗೆ ಬರುವುದೇ ಇಪ್ಪತ್ತು ಮನೆಯ ಜನ. ವೆಬ್‌ಸೈಟ್ ಮಾಡಿಸಲು ಹಿಂದೂಪುರದವರು ಹೇಳಿದ ರೇಟು ಕೇಳಿ ಸುಸ್ತಾಗಿ, ಅವನೇ ಕೂತು ಯೂಟ್ಯೂಬಿನಲ್ಲಿ ಬಿಟ್ಟಿ ಚಾನೆಲ್ ತೆರೆದಿದ್ದ. ಸ್ಟೂಲಿನ ಮೇಲೆ ಹಾಡಿನ ಪುಸ್ತಕ ಪೇರಿಸಿ ಫೋನ್ ಒರಗಿಸಿದರೆ ಮುಗಿಯಿತು, ನೇರ ಪ್ರಸಾರ. ಮೂರು ತಿಂಗಳು ಅವನ ಪ್ರಸಂಗ ನೋಡಿದವರು ಹತ್ತೋ ಹನ್ನೆರಡೋ ಮಂದಿ, ಅದರಲ್ಲಿ ಹೆಂಡತಿಯೂ ಒಬ್ಬಳು. ಹೋದ ಭಾನುವಾರ ಸುಂಕಮ್ಮ ಎದ್ದುನಿಂತು, ಆರು ತಿಂಗಳು ಮಾತ್ರೆ ನುಂಗಿ ಟಿ.ಬಿ. ವಾಸಿಯಾಯಿತು, ದೇವರಿಗೆ ಸ್ತೋತ್ರ ಎಂದು ಅತ್ತಳು. ಅಷ್ಟನ್ನೇ ಬೇರೆ ಮಾಡಿ ಹಾಕಿದ್ದೇ ತಡ, ನಾಲ್ಕು ಸಾವಿರ ಜನ ನೋಡಿಬಿಟ್ಟರು. ಆಮೇಲೆ ಚಿರಂಜೀವಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನೋಡಿದವರಲ್ಲಿ ಅವಳು ಮಧ್ಯಾಹ್ನದ ಅಡುಗೆ ಮಾಡುವ ಶಾಲೆಯ ಮಕ್ಕಳ ತಂದೆತಾಯಿಯರೂ ಇದ್ದರು. ಸೋಮವಾರ ಮಕ್ಕಳು ತಟ್ಟೆ ಮುಟ್ಟಲಿಲ್ಲ. ಕಾಯಿಲೆ ಪೂರ್ತಿ ಹೋಗಿದೆ ಎಂಬ ಡಾಕ್ಟರ ಚೀಟಿ ತೋರಿಸಿದರೂ, ಸ್ವಲ್ಪ ದಿನ ಮನೆಯಲ್ಲಿರಮ್ಮ ಎಂದು ಹೆಡ್‌ಮಾಸ್ಟರು ಕಳಿಸಿದ್ದರು. ಒಂಟಿ ಹೆಂಗಸು, ಆ ಕೆಲಸ ಬಿಟ್ಟರೆ ಬೇರೆ ದಿಕ್ಕಿಲ್ಲ.

ದೇವರ ಮಹಿಮೆ ನಾಲ್ಕು ಜನಕ್ಕೆ ತಿಳಿಯಲಿ ಅಂತ ಹಾಕಿದ್ದು ಅಕ್ಕ ಎಂದು ಚಿರಂಜೀವಿ ಸಮಜಾಯಿಷಿ ಕೊಟ್ಟ.

“ಈ ಇಪ್ಪತ್ ಮನೇಗೂ ನನ್ ಕಾಯ್ಲೆ ಗೊತ್ತಿತ್ತು. ಮಾತ್ರೆ ಶುರುವಾದಾಗ ಎರಡ್ ತಿಂಗ್ಳು ನನ್ ಬದ್ಲು ನಮ್ ಚರ್ಚಿನ್ ಅನ್ನದಾನಮ್ಮ ಸ್ಕೂಲ್ನಾಗೆ ಬೇಯ್ಸಿದ್ಲು. ಒಬ್ರೂ ಹೊರಗೆ ಬಾಯಿ ಬಿಡ್ಲಿಲ್ಲ” ಎಂದಳು ಸುಂಕಮ್ಮ. “ನಾನ್ ಹೇಳಿದ್ದು ಅವ್ರ ಮುಂದೆ ಅಯ್ಯನೋರೆ.”

ಚಿರಂಜೀವಿಗೆ ನಾಚಿಕೆಯಾಯಿತು. ಅವಳ ಎದುರೇ ವಿಡಿಯೊ ಅಳಿಸಿದ. ಆದರೆ ಅದು ಆಗಲೇ ಊರಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿತ್ತು. ಬುಧವಾರ ಅವನೇ ಶಾಲೆಗೆ ಹೋಗಿ ಬೇಡಿಕೊಂಡರೂ ಹೆಡ್‌ಮಾಸ್ಟರು, ಅವಳೇ ತನ್ನ ಬಾಯಲ್ಲಿ ಹೇಳಿದ್ದಾಳಲ್ಲ ಎಂದರು.

ಮುಂದಿನ ಭಾನುವಾರ ಅವನು ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ. ಸಾಕ್ಷಿ ಹೇಳುವವರು ಹೇಳಬಹುದು ಎಂದಾಗ ಸುಂಕಮ್ಮ ಎದ್ದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಫೋನ್ ಹಿಡಿಯಿರಿ ಎಂದಳು. ಬೇಡಕ್ಕ ಎಂದರೂ ಕೂರಲಿಲ್ಲ. ಕೊನೆಗೆ ಅವನು ಫೋನ್ ಕೈಗೆ ತೆಗೆದುಕೊಂಡು ನೇರ ಪ್ರಸಾರ ಶುರು ಮಾಡಿದ.

“ಹೋದ್ವಾರ ನಾನ್ ಹೇಳಿದ್ದು ಸುಳ್ಳು” ಎಂದಳು ಸುಂಕಮ್ಮ. “ನಂಗೆ ಯಾವ್ ಕಾಯ್ಲೇನೂ ಬಂದಿರ್ಲಿಲ್ಲ. ದೇವ್ರು ನಂಗೇನೂ ವಾಸಿ ಮಾಡಿಲ್ಲ.”

ಮೊದಲು ಅನ್ನದಾನಮ್ಮ “ಆಮೆನ್” ಎಂದಳು. ಅವಳ ಹಿಂದೆಯೇ ಇಪ್ಪತ್ತು ಮನೆಯವರೂ ಅಂದರು. ಫೋನ್ ಹಿಡಿದಿದ್ದ ಚಿರಂಜೀವಿ ಎಲ್ಲರಿಗಿಂತ ಕೊನೆಗೆ, ಕಣ್ಣು ಮುಚ್ಚಿಕೊಂಡು, ಅಂದ.